ಅಕ್ಕನ ಅಳತೆಯ ದೋಣಿ

ಅಪ್ಪನಿಗೆ ಈಜು ಬರುತ್ತಿರಲಿಲ್ಲ. ಮರಗೆಲಸವೂ ಬರುತ್ತಿರಲಿಲ್ಲ. ಇವೆರಡೂ ಬಾರದ ಮನುಷ್ಯ ಒಂದು ದಿನ ಹೊಲಿಗೆ ಯಂತ್ರ ನಿಲ್ಲಿಸಿ, ಮರದ ಪಟ್ಟಿಗಳನ್ನು ಜೋಡಿಸಿ ಮನೆಯಲ್ಲೇ ಕಯಾಕ್ ಕಟ್ಟುತ್ತೇನೆ ಎಂದಾಗ ಅಮ್ಮ ಅವನ ಹಣೆ ಮುಟ್ಟಿ ನೋಡಿದಳು. ಜ್ವರವಿರಲಿಲ್ಲ. ಕಯಾಕ್ ಎಂದರೇನೆಂದು ಕೇಳಿದಳು. ಒಬ್ಬರೇ ಕಾಲು ಚಾಚಿ ಕುಳಿತು, ಎರಡು ತುದಿಗೂ ಹಲಗೆಯಿರುವ ಹುಟ್ಟನ್ನು ಆಚೆಗೊಮ್ಮೆ ಈಚೆಗೊಮ್ಮೆ ಹಾಕುತ್ತ ಹೋಗುವ ಕಿರಿದಾದ ದೋಣಿ ಎಂದು ಅಪ್ಪ ವಿವರಿಸಿದ. ಅಮ್ಮ ಒಲೆಯ ಕಡೆ ತಿರುಗಿ, ಮದುವೆ ಗಿರಾಕಿಗಳ ಕೋಟು ಮೂರು ಬಾಕಿ ಇದೆ ಎಂದಷ್ಟೇ ಹೇಳಿದಳು. ಅವಳ ಒಪ್ಪಿಗೆಗಳೆಲ್ಲ ಹೀಗೆಯೇ, ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ.

ದೋಣಿ ಅತ್ತೆಗಾಗಿ. ಅತ್ತೆ ಎಂದರೆ ಅಪ್ಪನ ಅಕ್ಕ, ನನಗೆ ಬುದ್ಧಿ ಬಂದಾಗಿನಿಂದ ನಮ್ಮ ಮನೆಯ ಕೆಳಗಿನ ಕೋಣೆಯಲ್ಲೇ ಇದ್ದವಳು. ದೊಡ್ಡ ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. ಊರಿನಲ್ಲಿ ಅರ್ಧ ಜನಕ್ಕೆ ಅವಳ ದನಿ ಗೊತ್ತಿತ್ತು. ಅಂಗಡಿಯಲ್ಲಿ ಅವಳು ಒಂದು ಮಾತಾಡಿದರೆ ಸಾಕು, ಪಕ್ಕದವರು ತಿರುಗಿ, ನೀವು ಆಸ್ಪತ್ರೆಯವರಲ್ಲವೇ ಎನ್ನುತ್ತಿದ್ದರು. ಆಮೇಲೆ ಅವರ ಕಣ್ಣು ಕೆಳಗೆ ಜಾರುತ್ತಿತ್ತು. ಚಿಕ್ಕಂದಿನಲ್ಲಿ ಬಂದ ಜ್ವರವೊಂದು ಅವಳ ಎಡಗಾಲನ್ನು ಒಣಗಿಸಿ ಹೋಗಿತ್ತು. ಬಲಗೈಯಲ್ಲಿ ಕೋಲು, ಎಡಗಡೆ ಯಾರಾದರೊಬ್ಬರ ತೋಳು. ಶಾಲೆಗೆ ಹೋಗುವಾಗ ಆ ತೋಳು ಅಪ್ಪನದು, ಬಸ್ಸು ಹತ್ತುವಾಗ ಅಮ್ಮನದು, ನಾನು ಬೆಳೆದ ಮೇಲೆ ನನ್ನದು.

ಅಪ್ಪ ಅವಳ ಬಟ್ಟೆಗಳನ್ನು ಬೇರೆಯವರಿಗೆ ಮುಟ್ಟಲು ಬಿಡುತ್ತಿರಲಿಲ್ಲ. ಎಡಗಡೆಯ ಸೊಂಟ ಸೊರಗಿ ಆ ಭಾಗವೆಲ್ಲ ಬಡವಾಗಿದ್ದುದರಿಂದ, ಅಲ್ಲಿ ಒಳಗಿನಿಂದ ತೆಳ್ಳಗೆ ಅಸ್ತರು ತುಂಬಿ, ನೆರಿಗೆ ಸ್ವಲ್ಪ ಸಡಿಲ ಬಿಟ್ಟು, ಅಂಚನ್ನು ಎರಡು ಬೆರಳು ಎತ್ತಿ ಹೊಲಿಯುತ್ತಿದ್ದ. ಅದನ್ನು ಹಾಕಿಕೊಂಡು ಅತ್ತೆ ಕುರ್ಚಿಯಲ್ಲಿ ಕುಳಿತರೆ ಎರಡು ಪಕ್ಕವೂ ಸಮ ಕಾಣುತ್ತಿತ್ತು. ಅಳತೆಯನ್ನು ಅವನು ಎಲ್ಲೂ ಬರೆದಿಟ್ಟಿರಲಿಲ್ಲ. ಕೈಗೇ ಗೊತ್ತು ಎನ್ನುತ್ತಿದ್ದ.

ಅತ್ತೆ ಐವತ್ತು ದಾಟಿದ ಮೇಲೆ ಈಜು ಕಲಿತಳು. ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ಈಜುಕೊಳದ ಮೇಷ್ಟ್ರು. ನೀರಿನಲ್ಲಿ ಕಾಲಿನ ಲೆಕ್ಕವೇ ಇಲ್ಲ, ಬನ್ನಿ ಎಂದು ಅವರೇ ಕರೆದರು. ಹೋದಳು, ಒಂದೇ ಮಳೆಗಾಲದಲ್ಲಿ ಕಲಿತಳು, ಆಮೇಲೆ ಬೇಸರಪಟ್ಟಳು. ಗೋಡೆ ಮುಟ್ಟು, ವಾಪಸ್ಸು ಬಾ, ಗೋಡೆ ಮುಟ್ಟು, ವಾಪಸ್ಸು ಬಾ, ಇದಕ್ಕೆ ನಮ್ಮ ಸ್ವಿಚ್‌ಬೋರ್ಡೇ ವಾಸಿ ಎಂದಳು. ಊರಾಚೆಯ ಕೆರೆಯಲ್ಲಿ ಬಾಡಿಗೆ ದೋಣಿಗಳಿದ್ದವು. ಅಲ್ಲಿಗೆ ಹೋದರೆ ದೋಣಿಯವರು ಅವಳ ಕೋಲನ್ನು ನೋಡಿ, ಜೊತೆಗೆ ನಮ್ಮ ಹುಡುಗನನ್ನು ಕಳಿಸುತ್ತೇವೆ ಎಂದರು. ಬೇಡ, ಒಬ್ಬಳೇ ಹೋಗುತ್ತೇನೆ ಎಂದರೆ ಆಗುವುದಿಲ್ಲ ಎಂದರು. ಆ ದೋಣಿಗಳಲ್ಲಿ ಕೂರಲು ಬಿಟ್ಟಿದ್ದ ಚಿಕ್ಕ ಕಿಂಡಿಯೊಳಗೆ ಅವಳ ಎಡಗಾಲು ಇಳಿಯುವುದೂ ಕಷ್ಟವಿತ್ತು.

ಆವತ್ತು ಸಂಜೆ ಅತ್ತೆ ಕತ್ತರಿಸುವ ಮೇಜಿನ ಪಕ್ಕ ಕುಳಿತು ಗುಂಡಿ ಹೊಲಿಯುತ್ತ ಅಪ್ಪನಿಗೆ ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ.

"ಒಂದೇ ಒಂದು ಸಲ ಕಣೋ. ಯಾರ ಕೈನೂ ಹಿಡ್ಕೊಳ್ಳದೆ ಎಲ್ಲಿಗಾದ್ರೂ ಹೋಗಿ ಬರಬೇಕು. ಎಲ್ಲಿಗೆ ಅಂತಾನೂ ಬೇಡ. ಆಚೆ ದಡಕ್ಕಾದ್ರೂ ಸರಿ."

ಅಪ್ಪ ಕತ್ತರಿ ಕೆಳಗಿಟ್ಟು ಅವಳ ಸೂಜಿಗೆ ದಾರ ಪೋಣಿಸಿ ಕೊಟ್ಟ. ಮಾರನೆಯ ವಾರ ಮೇಷ್ಟ್ರ ಹತ್ತಿರ ಕಯಾಕಿನ ನಕ್ಷೆ ಇಸಿದುಕೊಂಡು ಬಂದ.

ಆಗ ನನಗೆ ಇಪ್ಪತ್ತೆರಡು. ಒಂದು ಕಚೇರಿಯಲ್ಲಿ ಮೇಲಧಿಕಾರಿಯ ಜೊತೆ ಜಗಳವಾಡಿ ಕೆಲಸ ಬಿಟ್ಟು ಬಂದು, ಅಪ್ಪನ ಅಂಗಡಿಯಲ್ಲಿ ಕಾಜಾ ಹಾಕುತ್ತ ಕುಳಿತಿದ್ದೆ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಅದು ಅಮ್ಮನ ಕಡೆಯ ಆಸ್ತಿ, ನನ್ನ ಪಾಲಿಗೆ ಸ್ವಲ್ಪ ಹೆಚ್ಚೇ ಬಂದಿದೆ. ಆ ವರ್ಷ ನಾನು ಎಲ್ಲದಕ್ಕೂ ಸಿಡುಕುತ್ತಿದ್ದೆ. ಈಗ ನೆನೆದರೆ, ನನ್ನ ಆಯುಷ್ಯದಲ್ಲಿ ಅಷ್ಟು ಖುಷಿಯಾಗಿದ್ದ ವರ್ಷ ಇನ್ನೊಂದಿಲ್ಲ. ಮರದಂಗಡಿಯ ಮುಂದೆ ಹಾದುಹೋದಾಗ ಇವತ್ತಿಗೂ ನಾನು ಒಂದು ನಿಮಿಷ ನಿಲ್ಲುತ್ತೇನೆ.

ನಕ್ಷೆಯಲ್ಲಿದ್ದದ್ದು ಅರ್ಧ ದೋಣಿಯ ಚಿತ್ರ. ಅದನ್ನು ಮಗುಚಿ ಬರೆದುಕೊಂಡರೆ ಇನ್ನರ್ಧ ಸಿಗುತ್ತದೆ. ಇದು ಅಪ್ಪನಿಗೆ ಬಹಳ ಹಿಡಿಸಿತು. "ನಮ್ಮ ಕೋಟಿನ ಬೆನ್ನಿನ ಥರಾನೇ," ಎಂದು ಕಾಗದ ಮಡಿಸಿ ಕತ್ತರಿಸಿದ. ಆ ಕಾಗದವನ್ನು ಪ್ಲೈವುಡ್ ಮೇಲಿಟ್ಟು ಸೀಮೆಸುಣ್ಣದಲ್ಲಿ ಗೀಟು ಹಾಕಿ, ಗರಗಸದಿಂದ ಕೊಯ್ದು ಅಚ್ಚುಗಳನ್ನು ಮಾಡಿದ. ಅಚ್ಚು ಎಂದರೆ ದೋಣಿಯನ್ನು ಅಡ್ಡಡ್ಡಕ್ಕೆ ಹೋಳು ಮಾಡಿದರೆ ಹೇಗೆ ಕಂಡೀತೋ ಆ ಆಕಾರದ ಹಲಗೆ. ಒಂದೊಂದು ಅಡಿಗೆ ಒಂದರಂತೆ ಅವನ್ನು ಕತ್ತರಿಸುವ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ. ಮೇಜು ಸಾಲದೆ ಇಸ್ತ್ರಿ ಮೇಜನ್ನೂ ತಂದು ಜೋಡಿಸಿದ. ಅಂಗಡಿಯೆಂದರೆ ನಮ್ಮ ಮನೆಯ ಮುಂದಿನ ಉದ್ದ ಕೋಣೆ. ಅದರ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ದೊಡ್ಡ ಮೀನಿನ ಮೂಳೆಗೂಡು ಮಲಗಿದ ಹಾಗಾಯಿತು.

ಬಂದವರೆಲ್ಲ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ. ಇದು ಬಾಗಿಲಲ್ಲಿ ಹೇಗೆ ಆಚೆ ಹೋಗುತ್ತದೆ? ಅಪ್ಪ ಎದ್ದು ಅಂಗಡಿಯ ಶಟರನ್ನು ಪೂರ್ತಿ ಮೇಲೆತ್ತಿ ತೋರಿಸಿ, ಮತ್ತೆ ಅರ್ಧಕ್ಕಿಳಿಸಿ ಕೂರುತ್ತಿದ್ದ. ಕೆಲವರು ಆ ಮೂಳೆಗೂಡಿಗೇ ತಮ್ಮ ಕೋಟು ತೂಗುಹಾಕಿ ಅಳತೆ ಕೊಟ್ಟರು. ಒಬ್ಬ ವಕೀಲರಂತೂ ಅದು ಪ್ಯಾಂಟು ಒಣಗಿಸುವ ಹೊಸ ಸಾಧನವೆಂದೇ ತಿಳಿದು, ಎಷ್ಟಕ್ಕೆ ಸಿಗುತ್ತದೆ ಎಂದು ವಿಚಾರಿಸಿದರು.

ಪಟ್ಟಿ ಜೋಡಿಸುವ ಮುಂಚೆ ಅಪ್ಪ ಒಂದು ಇಡೀ ಮಧ್ಯಾಹ್ನ ಅಚ್ಚುಗಳ ಎದುರು ನಿಂತು ನೋಡಿದ. ಗಿರಾಕಿಯ ಮೈಮೇಲೆ ಕಚ್ಚಾ ಹೊಲಿಗೆಯ ಕೋಟು ಹಾಕಿ ನೋಡುತ್ತಾನಲ್ಲ, ಹಾಗೆ ಒಂದು ಕಣ್ಣು ಮುಚ್ಚಿ, ಹಿಂದೆ ಸರಿದು, ಮುಂದೆ ಬಂದು. ಎಲ್ಲೋ ಏನೋ ಕಮ್ಮಿ ಇದೆ ಎಂದ. ನನ್ನ ಕೈಯಿಂದ ತೆಳು ರಟ್ಟಿನ ತುಂಡುಗಳನ್ನು ಇಸಿದುಕೊಂಡು ನಡುವಿನ ಅಚ್ಚುಗಳ ಒಂದು ಅಂಚಿಗೆ ಅಂಟಿಸಿದ. ಮತ್ತೆ ನೋಡಿದ. ಈಗ ಸರಿಯಾಯ್ತು ಎಂದ. ನಾನು ಆಕಳಿಸುತ್ತ ಅಂಟಿನ ಡಬ್ಬಿ ಮುಚ್ಚಿದೆ.

ದೇವದಾರು ಮರದ ಪಟ್ಟಿಗಳು ಮರದಂಗಡಿಯಿಂದ ಕಟ್ಟುಕಟ್ಟಾಗಿ ಬಂದವು, ಕೆಲವು ಕೆಂಪಗೆ, ಕೆಲವು ಬೆಳ್ಳಗೆ. ಕಿರುಬೆರಳಿನಷ್ಟು ಅಗಲ, ಒಂದು ಅಂಚು ಉಬ್ಬು, ಇನ್ನೊಂದು ಅಂಚು ತಗ್ಗು. ಉಬ್ಬು ತಗ್ಗಿನಲ್ಲಿ ಕೂರುತ್ತದೆ, ನಡುವೆ ಅಂಟು. ಎಲ್ಲರೂ ಪಟ್ಟಿಯನ್ನು ಅಚ್ಚಿಗೆ ಪಿನ್ನು ಹೊಡೆದು ನಿಲ್ಲಿಸುತ್ತಾರಂತೆ. ಅಪ್ಪ ಪಿನ್ನು ಮುಟ್ಟಲಿಲ್ಲ. ಮುಗಿದ ಬಟ್ಟೆಯಲ್ಲಿ ಸೂಜಿಯ ತೂತು ಕಂಡರೆ ಅದು ದರ್ಜಿಯ ಮುಖಕ್ಕೇ ಬಿದ್ದ ತೂತು ಎನ್ನುವವನು ಅವನು. ಪಾಯಿಜಾಮಕ್ಕೆ ಹಾಕುವ ಎಲಾಸ್ಟಿಕ್ಕಿನ ಉರುಳೆ ಬಿಚ್ಚಿ, ಪ್ರತಿ ಅಚ್ಚಿನ ಹತ್ತಿರವೂ ಪಟ್ಟಿಗಳ ಸುತ್ತ ಬಿಗಿದು ಗಂಟು ಹಾಕಿದ. ಅಂಟು ಒಣಗುವವರೆಗೆ ಕಾಯಬೇಕು, ಬಿಚ್ಚಬೇಕು, ಇನ್ನೊಂದು ಪಟ್ಟಿ ಇಟ್ಟು ಮತ್ತೆ ಬಿಗಿಯಬೇಕು. ಹೀಗಾಗಿ ದಿನಕ್ಕೆ ಒಂದೆರಡು ಪಟ್ಟಿಗಿಂತ ಹೆಚ್ಚು ಕೂರುತ್ತಿರಲಿಲ್ಲ. ಬೆಳಿಗ್ಗೆ ಅತ್ತೆ ಆಸ್ಪತ್ರೆಗೆ ಹೊರಡುವ ಮುಂಚೆ ಒಂದು, ಸಂಜೆ ಬಂದ ಮೇಲೆ ಒಂದು. ಅವಳು ಕುರ್ಚಿಯಲ್ಲಿ ಕುಳಿತು ಪಟ್ಟಿಯ ಒಂದು ತುದಿ ಹಿಡಿಯುತ್ತಿದ್ದಳು, ನಾನು ಇನ್ನೊಂದು ತುದಿ. ನಡುವೆ ಅಪ್ಪ ಬಾಯಲ್ಲಿ ಎಲಾಸ್ಟಿಕ್ ಕಚ್ಚಿಕೊಂಡು, ಇಬ್ಬರಿಗೂ ಕಣ್ಣಲ್ಲೇ ಬೈಯುತ್ತ ಓಡಾಡುತ್ತಿದ್ದ.

ನಮ್ಮ ಮನೆಯಲ್ಲಿ ಜಗಳವಿಲ್ಲದೆ ಆದ ಕೆಲಸ ಒಂದೂ ಇಲ್ಲ. ಮರದ ಪುಡಿ ಹಾಸಿಗೆಗೆ ಬಂತೆಂದು ಅಮ್ಮನ ಜಗಳ, ಅಂಟು ಹೆಚ್ಚು ಹಾಕಿದೆನೆಂದು ಅಪ್ಪನ ಜಗಳ, ಕೆಂಪು ಪಟ್ಟಿಯ ಪಕ್ಕ ಬಿಳಿ ಪಟ್ಟಿ ಬರಬೇಕೆಂದು ಅತ್ತೆಯ ಹಟ. ಅಮ್ಮನಿಗೆ ನಿಜವಾದ ಸಿಟ್ಟು ಪುಡಿಯ ಮೇಲೆ ಇರಲಿಲ್ಲ, ಭಯವಿತ್ತು. ಅದನ್ನು ಅವಳು ಹೇಳುತ್ತಿರಲಿಲ್ಲ. ಹೊಟ್ಟನ್ನು ಗುಡಿಸಿ ಗುಡಿಸಿ ಮೂಲೆಗೆ ಒಟ್ಟುತ್ತ, ಊರಿಗೇ ಒಂದು ದಾರಿಯಾದರೆ ಪೋರನಿಗೇ ಒಂದು ದಾರಿ ಎಂದು ಗೊಣಗುತ್ತಿದ್ದಳು. ಆ ಗಾದೆ ಅಪ್ಪನಿಗೋ ಅತ್ತೆಗೋ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಚಳಿಗಾಲಕ್ಕೆ ಹೊರಮೈ ಮುಗಿಯಿತು. ಅದನ್ನು ಉಜ್ಜುಗೊರಡು ಹಿಡಿದು, ಆಮೇಲೆ ಸ್ಯಾಂಡ್ ಪೇಪರ್ ಹಿಡಿದು ನುಣುಪು ಮಾಡಿದ್ದು ಹೆಚ್ಚಾಗಿ ನಾನೇ. ತೋಳು ಬಿದ್ದುಹೋಗುತ್ತಿತ್ತು. ಆದರೆ ಅಂಗೈಯಲ್ಲಿ ಸವರಿದಾಗ ಪಟ್ಟಿಗೂ ಪಟ್ಟಿಗೂ ನಡುವೆ ಏನೂ ತಗುಲದೆ ಕೈ ಸುಮ್ಮನೆ ಜಾರಿಹೋದ ಆ ಗಳಿಗೆ ನನ್ನ ಸಿಡುಕೆಲ್ಲ ಇಳಿದುಹೋಯಿತು. ಅತ್ತೆಯನ್ನು ಕರೆದು ಅವಳ ಕೈಯನ್ನೂ ಅದರ ಮೇಲಿಟ್ಟೆ. ಅವಳು ಕಣ್ಣು ಮುಚ್ಚಿಕೊಂಡು ಮೂತಿಯಿಂದ ಬಾಲದವರೆಗೆ ಸವರುತ್ತ ಹೋದಳು, ಮೇಜಿಗೆ ಒರಗಿಕೊಂಡು, ಕೋಲಿಲ್ಲದೆ.

ಮರದ ಮೇಲೆ ಗಾಜಿನ ನೂಲಿನ ಬಟ್ಟೆ ಹೊದಿಸಿ ರಾಳ ಬಳಿಯುವ ದಿನ ಅಪ್ಪ ಹೊಸ ಅಂಗಿ ಹಾಕಿಕೊಂಡು ಬಂದ. ಬಟ್ಟೆಯ ಕೆಲಸವಲ್ಲವೇ, ಅವನ ರಾಜ್ಯ. ಹೊಲಿಯಲಾಗದ ಬಟ್ಟೆಯನ್ನು ಇದೇ ಮೊದಲು ನೋಡುತ್ತಿದ್ದೇನೆ ಎಂದು ಅದರ ಎಳೆಯನ್ನು ಬೆರಳಲ್ಲಿ ಉಜ್ಜಿ, ಆಮೇಲೆ ಎರಡು ದಿನ ತುರಿಸಿಕೊಂಡ. ನಾನು ರಾಳ ಕಲಸಿ ಕೊಟ್ಟೆ, ಅವನು ಬಳಿದ. ಬೆಳ್ಳಗಿದ್ದ ಬಟ್ಟೆ ರಾಳ ಕುಡಿದು ಕಾಣದಂತಾಯಿತು. ಕೆಳಗಿನಿಂದ ಮರದ ಬಣ್ಣ ಒಮ್ಮೆಗೇ ಎದ್ದು ಬಂತು. ಕೋಣೆಯ ಬಾಗಿಲಲ್ಲಿ ಮೂಗಿಗೆ ಸೆರಗು ಹಿಡಿದು ನಿಂತಿದ್ದ ಅಮ್ಮ ಕೂಡ, ಚೆನ್ನಾಗಿದೆ ಎಂದಳು.

ಅದೇ ಹೊತ್ತಿಗೆ ಅತ್ತೆಯ ಬಲ ಭುಜದಲ್ಲಿ ನೋವು ಶುರುವಾಗಿತ್ತು. ನಲವತ್ತು ವರ್ಷದಿಂದ ಕೋಲಿನ ಮೇಲೆ ಇಡೀ ಮೈಯ ಭಾರ ಹೊತ್ತ ಭುಜ. ಇದು ಸವೆದಿದೆ, ಇನ್ನೊಂದೆರಡು ವರ್ಷದಲ್ಲಿ ಕೋಲು ಬಿಟ್ಟು ಗಾಲಿಕುರ್ಚಿಗೆ ಬರಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು. ದೋಣಿಯ ವಿಷಯ ಕೇಳಿದ್ದಕ್ಕೆ, ಹೋಗುವುದಾದರೆ ಈ ಬೇಸಿಗೆಯಲ್ಲೇ ಹೋಗಿ, ಮುಂದಿನ ವರ್ಷ ನನ್ನನ್ನು ಕೇಳಬೇಡಿ ಎಂದರಂತೆ. ಅತ್ತೆ ಇದನ್ನು ನಮಗೆಲ್ಲ ಊಟದ ಹೊತ್ತಿನಲ್ಲಿ ಹವಾಮಾನ ವರದಿ ಓದಿದ ಹಾಗೆ ಹೇಳಿ ಮುಗಿಸಿದಳು. ಅಪ್ಪ ತಟ್ಟೆ ಬಿಟ್ಟು ಎದ್ದು ಅಂಗಡಿಗೆ ಹೋದ. ಅಲ್ಲಿಂದ ಮುಂದೆ ಹೊಸ ಗಿರಾಕಿಗಳನ್ನು ತೆಗೆದುಕೊಳ್ಳಲಿಲ್ಲ.

ಮೇಲಿನ ಹೊದಿಕೆ ಕೂಡಿತು. ಕೂರುವ ಕಿಂಡಿಯನ್ನು ಅಪ್ಪ ನಕ್ಷೆಗಿಂತ ಉದ್ದವಾಗಿ ತೆಗೆದ, ಅತ್ತೆ ಮೊದಲು ಹಿಂದಿನ ಅಂಚಿನ ಮೇಲೆ ಕುಳಿತು, ಆಮೇಲೆ ಎಡಗಾಲನ್ನು ಕೈಯಲ್ಲಿ ಎತ್ತಿ ಒಳಗಿಡಲು ಆಗುವಂತೆ. ಒಳಗೆ ಪಾದಕ್ಕೆ ಒತ್ತು ಕೊಡುವ ಎರಡು ಹಲಗೆ, ಎಡಗಡೆಯದು ಹತ್ತಿರಕ್ಕೆ, ಬಲಗಡೆಯದು ದೂರಕ್ಕೆ. ಬೇಸಿಗೆ ಬಂದಿತ್ತು. ಒಂದು ಭಾನುವಾರ ಬೆಳಿಗ್ಗೆ ಶಟರು ಪೂರ್ತಿ ಮೇಲೆ ಹೋಯಿತು, ದೋಣಿ ನಮ್ಮ ಹೆಗಲ ಮೇಲೆ ಹೊರಗೆ ಬಂತು, ಬೀದಿಯವರು ಚಪ್ಪಾಳೆ ತಟ್ಟಿದರು.

ಕೆರೆಯ ಹತ್ತಿರ ಅಪ್ಪ ಒಂದು ಪಟ್ಟು ಹಿಡಿದ. ಅಕ್ಕ ಮೊದಲು ಕೂರಕೂಡದು, ಮೇಷ್ಟ್ರು ಕೂತು ಪರೀಕ್ಷೆ ಮಾಡಲಿ. ಅತ್ತೆ ಮುಖ ಊದಿಸಿಕೊಂಡು ದಡದ ಕಲ್ಲಿನ ಮೇಲೆ ಕುಳಿತಳು. ಮೇಷ್ಟ್ರು ಕೂತರು, ಹುಟ್ಟು ಹಾಕಿದರು. ದೋಣಿ ಎಲೆಯ ಹಾಗೆ ಹಗುರವಾಗಿ ತೇಲಿತು. ಆದರೆ ಸ್ವಲ್ಪ ದೂರ ಹೋಗಿ ಅದು ಬಲಕ್ಕೆ ತಿರುಗಿತು. ಮೇಷ್ಟ್ರು ನೇರ ಮಾಡಿಕೊಂಡರು, ಮತ್ತೆ ಬಲಕ್ಕೆ. ಎಷ್ಟು ಸಲ ಪ್ರಯತ್ನಿಸಿದರೂ ಬಲಗಡೆ ದೊಡ್ಡ ಸುತ್ತು ಹಾಕಿಕೊಂಡು ನಮ್ಮ ಮುಂದೆಯೇ ಬಂದು ನಿಲ್ಲುತ್ತಿತ್ತು. ದೋಣಿ ಡೊಂಕಿದೆ ಎಂದರು ಮೇಷ್ಟ್ರು. ಕುಣಿಯಲಾರದವಳು ಅಂಗಳ ಡೊಂಕು ಅಂದಳಂತೆ ಎಂದು ಅತ್ತೆ ಕಲ್ಲಿನ ಮೇಲಿಂದಲೇ ಚುಚ್ಚಿದಳು. ಆಮೇಲೆ ನಾನೂ ಕೂತು ನೋಡಿದೆ. ನನ್ನನ್ನೂ ಅದು ಬಲಕ್ಕೇ ಎಳೆದುಕೊಂಡು ಹೋಯಿತು. ಅಪ್ಪ ದೋಣಿಯನ್ನು ಹೊತ್ತು ತಂದು ಮತ್ತೆ ಮೇಜಿನ ಮೇಲಿಟ್ಟ.

ತಪ್ಪು ಎಲ್ಲಿ ಎಂದು ಸಿಗಲು ಹೆಚ್ಚು ಹೊತ್ತಾಗಲಿಲ್ಲ. ದೋಣಿಯೊಳಗಿಂದ ತೆಗೆದು ಹಿತ್ತಲಲ್ಲಿ ಒಟ್ಟಿದ್ದ ಅಚ್ಚುಗಳನ್ನು ಅಪ್ಪ ಒಂದೊಂದಾಗಿ ತಂದು ಗೋಡೆಗೆ ಒರಗಿಸಿದ. ನಡುವಿನ ಅಚ್ಚುಗಳ ಮೇಲೆ ರಟ್ಟು ಇನ್ನೂ ಅಂಟಿಕೊಂಡಿತ್ತು, ಎಲ್ಲವೂ ಎಡಗಡೆಗೆ. ನಾನು ನೋಡಿದೆ, ಅವನು ನೋಡಿದ. ಅತ್ತೆಯ ಅಂಗಿಯ ಎಡಸೊಂಟಕ್ಕೆ ಅಸ್ತರು ತುಂಬುತ್ತಿದ್ದ ಜಾಗ, ಅದೇ ಎತ್ತರ, ಅದೇ ದಪ್ಪ. ಸಮವಾಗಿದ್ದ ದೋಣಿಯನ್ನು ನೋಡಿ, ಎಡಗಡೆ ಕಮ್ಮಿ ಇದೆ ಎಂದು ಅವನ ಕಣ್ಣು ಹೇಳಿತ್ತು, ಕೈ ತುಂಬಿತ್ತು. ಅಕ್ಕನ ಅಳತೆಗೆ ಹೊಲಿದು ಹೊಲಿದು ಅವನಿಗೆ ಸಮ ಎಂದರೆ ಅದೇ ಆಗಿಹೋಗಿತ್ತು. ಎಡ ಉಬ್ಬಿದ ದೋಣಿಯನ್ನು ನೀರು ಬಲಕ್ಕೆ ತಳ್ಳುತ್ತಿತ್ತು.

ಅಪ್ಪ ತಲೆ ಮೇಲೆ ಕೈಹೊತ್ತು ಕುಳಿತ. ಅವನನ್ನು ನೋಡಿ ನನಗೆ ಅಯ್ಯೋ ಅನ್ನಿಸಿತು, ಜೊತೆಗೆ ಸಿಟ್ಟೂ ಬಂತು, ಚಳಿಗಾಲವಿಡೀ ನನ್ನ ತೋಳು ಉಜ್ಜಿದ್ದೆಲ್ಲ ಆ ಮೇಜಿನ ಮೇಲೆ ಬಿದ್ದಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವನು ತಲೆಯೆತ್ತಿ, ಇದನ್ನು ಬಿಟ್ಟುಬಿಡೋಣ, ಹೊಸ ಪಟ್ಟಿ ತರಿಸಿ ಮೊದಲಿನಿಂದ ಕಟ್ಟುತ್ತೇನೆ, ಮುಂದಿನ ಬೇಸಿಗೆಗೆ ಸಿದ್ಧವಾಗುತ್ತದೆ ಎಂದ. ಮುಂದಿನ ಬೇಸಿಗೆ ಎಂಬ ಮಾತು ಬಿದ್ದಾಗ ಅತ್ತೆಯ ಮುಖ ಬಿಳಚಿಕೊಂಡಿತು. ಮುಂದಿನ ಬೇಸಿಗೆಗೆ ಅವಳ ಭುಜ ಏನಾಗಿರುತ್ತದೆಂದು ನಮಗೆಲ್ಲ ಗೊತ್ತಿತ್ತು, ಹೇಳಿದವನಿಗೂ ಗೊತ್ತಿತ್ತು.

"ಇಷ್ಟು ವರ್ಷದಲ್ಲಿ ಹಾಕ್ಕೊಳ್ಳೋರಿಗೆ ಟ್ರಯಲ್ ಕೊಡದೆ ಒಂದಾದ್ರೂ ಬಟ್ಟೆ ಹೊಲಿಗೆ ಬಿಚ್ಚಿದೀಯೇನೋ ನೀನು?" ಎಂದಳು ಅತ್ತೆ.

ಮೇಷ್ಟ್ರಂಥವರಿಗೇ ಹಿಡಿತಕ್ಕೆ ಸಿಗದ ದೋಣಿ, ನಡುನೀರಿನಲ್ಲಿ ತಿರುಗಿಬಿಟ್ಟರೆ ಏನು ಗತಿ ಎಂದು ಅಪ್ಪ ಶುರುಮಾಡಿದ. ಗಾಳಿ ಎಂದ, ಆಳ ಎಂದ, ಕೆಸರು ಎಂದ. ಅವನ ದನಿ ಏರುತ್ತ ಹೋಯಿತು. ಆಗ ಬಾಗಿಲಲ್ಲಿ ನಿಂತಿದ್ದ ಅಮ್ಮ, ಆ ದೋಣಿಯನ್ನು ಮೊದಲ ದಿನದಿಂದ ಬೇಡ ಎಂದುಕೊಂಡೇ ಬಂದಿದ್ದ ಅಮ್ಮ, ಒಳಗೆ ಬಂದಳು.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ದೋಣಿ ಡೊಂಕಾಯ್ತು ಅಂತ ನಿಮಗೆ ದುಃಖ ಆಗಿಲ್ಲ ರೀ. ಸಮಾಧಾನ ಆಗಿದೆ. ಇನ್ನೊಂದು ವರ್ಷ ಅವರ ಕೈ ಹಿಡ್ಕೊಂಡಿರಬಹುದು ಅಂತ."

ಅಪ್ಪ ಅವಳನ್ನೇ ನೋಡಿದ. ಆಮೇಲೆ ತಲೆ ತಗ್ಗಿಸಿ ಪಕ್ಕದ ಅಚ್ಚಿನ ರಟ್ಟನ್ನು ಉಗುರಿನಿಂದ ಕೀಳತೊಡಗಿದ. ನಾನು ಎಷ್ಟೋ ಸಲ ಅವನ ಮೇಲೆ ರೇಗಿದ್ದೇನೆ. ಆದರೆ ಅಷ್ಟು ಚಿಕ್ಕವನಾಗಿ ಅವನು ನನಗೆ ಕಂಡದ್ದು ಅವತ್ತೇ. ಶಾಲೆಯ ಚೀಲ ಹೆಗಲಿಗೆ ಹಾಕಿಕೊಂಡು, ತನಗಿಂತ ಎತ್ತರದ ಅಕ್ಕನಿಗೆ ತೋಳು ಕೊಟ್ಟು, ಬೇರೆ ಹುಡುಗರೆಲ್ಲ ಓಡುವಾಗ ನಿಧಾನಕ್ಕೆ ನಡೆದ ಹುಡುಗನನ್ನು ನಾನು ನೋಡಿಲ್ಲ. ಅವತ್ತು ನೋಡಿದ ಹಾಗೆ ಅನ್ನಿಸಿತು. ಅತ್ತೆ ಕೋಲೂರಿ ಎದ್ದು ಹೋಗಿ ಅವನ ಪಕ್ಕ ನಿಂತಳು. ಅವನ ತಲೆಯ ಮೇಲೆ ಕೈಯಿಟ್ಟಳು. ಅಮ್ಮ ನನ್ನನ್ನು ಒಳಗೆ ಕರೆದುಕೊಂಡು ಹೋಗಿ ಚಹಾಕ್ಕಿಟ್ಟಳು.

ಎರಡು ದಿನ ಬಿಟ್ಟು, ಗಾಳಿಯಿಲ್ಲದ ಒಂದು ಬೆಳಿಗ್ಗೆ, ಅಪ್ಪನೇ ಶಟರು ಎತ್ತಿದ.

ಕೆರೆಯ ದಡದಲ್ಲಿ ಬೇರೆ ಯಾರೂ ಇರಲಿಲ್ಲ. ಅಮ್ಮ ಚಾಪೆ ಹಾಸಿಕೊಂಡು ಕುಳಿತಳು, ಪಕ್ಕದಲ್ಲಿ ಒಣಬಟ್ಟೆ, ಫ್ಲಾಸ್ಕು, ಬ್ರೆಡ್ಡು. ಮೇಷ್ಟ್ರು ಬಾಡಿಗೆ ದೋಣಿಯೊಂದನ್ನು ಸಿದ್ಧವಾಗಿ ಹಿಡಿದು ನಿಂತರು. ಅತ್ತೆಗೆ ತೇಲುವ ಅಂಗಿ ತೊಡಿಸಿದ್ದು ನಾನು. ಅವಳು ಕೋಲನ್ನು ಅಮ್ಮನಿಗೆ ಕೊಟ್ಟು, ದೋಣಿಯ ಹಿಂದಿನ ಅಂಚಿನ ಮೇಲೆ ಕುಳಿತು, ಬಲಗಾಲು ಇಳಿಸಿ, ಎಡಗಾಲನ್ನು ಕೈಯಲ್ಲಿ ಎತ್ತಿ ಒಳಗಿಟ್ಟು, ಮೆಲ್ಲಗೆ ಜಾರಿ ಕೂತಳು. ಎರಡು ಪಾದವೂ ಎರಡು ಹಲಗೆಗೆ ಸರಿಯಾಗಿ ತಾಗಿದವು. ಬಿಗಿ ಇದೆಯಾ, ಸಡಿಲವಾ ಎಂದು ಅಪ್ಪ ಕೇಳಿದ, ಅಂಗಡಿಯಲ್ಲಿ ಕೇಳುವ ದನಿಯಲ್ಲೇ. ಸರಿಯಾಗಿದೆ ಎಂದಳು.

ಅವಳು ಹುಟ್ಟು ಹಾಕಿದಳು. ಅಪ್ಪ ದೋಣಿಯ ಬಾಲ ಹಿಡಿದುಕೊಂಡು ಜೊತೆಜೊತೆಗೇ ನೀರಿನಲ್ಲಿ ನಡೆದ. ಮೊಣಕಾಲಿನವರೆಗೆ, ಸೊಂಟದವರೆಗೆ. ಮೇಷ್ಟ್ರು ಬಿಡಿ ಬಿಡಿ ಎನ್ನುತ್ತಿದ್ದರು, ಅವನಿಗೆ ಕೇಳಿಸಲಿಲ್ಲ. ನೀರು ಎದೆಗೆ ಬಂತು. ಅತ್ತೆ ಹುಟ್ಟು ನಿಲ್ಲಿಸಿ, ತಿರುಗಿ ನೋಡದೆಯೇ ಹೇಳಿದಳು.

"ಇನ್ನೊಂದು ಹೆಜ್ಜೆ ಇಟ್ಟರೆ ನಾನೇ ನಿನ್ನ ಎತ್ತಬೇಕಾಗುತ್ತೆ. ಬಿಡು, ಪುಟ್ಟ."

ಪುಟ್ಟ ಎಂದು ಅಪ್ಪನನ್ನು ಕರೆಯುವವರು ಇದ್ದಾರೆಂದೇ ನನಗೆ ಗೊತ್ತಿರಲಿಲ್ಲ. ಅವನು ಕೈ ಬಿಟ್ಟ.

ದೋಣಿ ಹೋಯಿತು. ನನ್ನ ಕಣ್ಣೆಲ್ಲ ಅದರ ಮೂತಿಯ ಮೇಲೆ. ಈಗ ಬಲಕ್ಕೆ ತಿರುಗುತ್ತದೆ, ಈಗ ತಿರುಗುತ್ತದೆ ಎಂದು ಕಾಯುತ್ತ ನಿಂತಿದ್ದೆ. ಒಂಚೂರು ಬಲಕ್ಕೆ ವಾಲಿತು, ಅಷ್ಟೆ. ಅವಳ ಬಲಗೈ ನೀರನ್ನು ಹಿಂದಕ್ಕೆ ಎಳೆದಾಗಲೆಲ್ಲ ಅದು ಎಡಕ್ಕೆ ಬಂದು, ಎಡಗೈ ಎಳೆದಾಗ ಸ್ವಲ್ಪ ತೂಗಿ, ಒಟ್ಟಿನಲ್ಲಿ ಮುಂದಕ್ಕೇ ಹೋಗುತ್ತಿತ್ತು. ಮೇಷ್ಟ್ರು ಬಾಯಿ ಬಿಟ್ಟುಕೊಂಡು ನೋಡಿದರು. ಆಮೇಲೆ ಹೊಳೆದವರಂತೆ, ಅವರ ಬಲಗೈ ನೋಡಿ, ನಲವತ್ತು ವರ್ಷ ಕೋಲು ಹಿಡಿದ ಕೈ, ಭುಜ ಸವೆದಿದ್ದರೂ ಎಡಗೈಗಿಂತ ಎಷ್ಟೋ ಪಾಲು ಬಲ, ನೆಟ್ಟಗಿನ ದೋಣಿಯಾಗಿದ್ದರೆ ಎಡಕ್ಕೆ ಸುತ್ತುತ್ತಿತ್ತು ಎಂದು ಏನೇನೋ ಲೆಕ್ಕ ಹೇಳತೊಡಗಿದರು. ಸುಮ್ಮನೆ ನೋಡಿ ಮೇಷ್ಟ್ರೆ ಎಂದಳು ಅಮ್ಮ. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅವಳು ಅದನ್ನು ಒರೆಸಿಕೊಳ್ಳಲಿಲ್ಲ.

ಕೆಂಪು ಬಿಳಿ ಪಟ್ಟಿಗಳು ಚಿಕ್ಕವಾಗುತ್ತ ಹೋದವು. ಆಚೆ ದಡದ ಜೊಂಡಿನ ಹತ್ತಿರ ಹೋಗಿ ದೋಣಿ ನಿಂತಿತು. ಅಲ್ಲಿ ಅವಳು ಏನು ಮಾಡಿದಳೋ ನಮಗೆ ಕಾಣಲಿಲ್ಲ. ಬಹಳ ಹೊತ್ತು ಹಾಗೇ ಇದ್ದಳು. ಅಪ್ಪ ಎದೆಮಟ್ಟದ ನೀರಿನಲ್ಲಿ ನಿಂತೇ ಇದ್ದ. ಹೊರಗೆ ಬನ್ನಿ, ನೆಗಡಿಯಾಗುತ್ತದೆ ಎಂದು ಅಮ್ಮ ಕರೆದರೂ ಬರಲಿಲ್ಲ.

ಆಮೇಲೆ ಅವಳು ತಿರುಗಿ ಬಂದಳು. ಹತ್ತಿರವಾಗುತ್ತ ಬಂದ ಹಾಗೆ ಅವಳ ಮುಖ ಕಂಡಿತು, ಬೆವರು, ಕೆದರಿದ ಕೂದಲು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಆ ಮುಖವನ್ನು ನಾನು ಅಂದಿನವರೆಗೆ ನೋಡಿರಲಿಲ್ಲ. ಅಪ್ಪ ಅವಳನ್ನು ಹಿಡಿದುಕೊಳ್ಳಲು ಎರಡೂ ಕೈ ಮುಂದೆ ಚಾಚಿದ. ಅವನ ಕೈಗೆ ಇನ್ನು ನಾಲ್ಕು ಮಾರು ಇರುವಾಗ ಅತ್ತೆ ಹುಟ್ಟನ್ನು ಅಡ್ಡ ಇಟ್ಟು ನಿಂತಳು. ಅಪ್ಪನನ್ನು ನೋಡಿದಳು, ಅಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು.

"ಹೋಗಿ ಬರ್ತೀನಿ," ಎಂದಳು.

ದೋಣಿಯ ಮೂತಿ ಮತ್ತೆ ನೀರಿನ ಕಡೆ ತಿರುಗಿತು. ಎಲ್ಲರ ಮನೆಯಲ್ಲೂ ದಿನಕ್ಕೆ ನಾಲ್ಕು ಸಲ ಕೇಳುವ ಮಾತು. ಅತ್ತೆಯ ಬಾಯಿಂದ ನಾನು ಅದನ್ನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ. ಆಸ್ಪತ್ರೆಗೆ ಹೊರಡುವಾಗಲೂ, ಬೀದಿ ಕೊನೆಯ ಅಂಗಡಿಗೆ ಹೊರಡುವಾಗಲೂ ಅವಳು ಹೇಳುತ್ತಿದ್ದದ್ದು ಹೋಗೋಣ್ವಾ ಎಂದು, ಪಕ್ಕದಲ್ಲಿ ಯಾವಾಗಲೂ ಒಬ್ಬರು ಇರುತ್ತಿದ್ದರಲ್ಲ.

"ಹೋಗಿ ಬನ್ನಿ ಅತ್ತಿಗೆ," ಎಂದಳು ಅಮ್ಮ, ಬಾಗಿಲಲ್ಲಿ ನಿಂತು ಹೇಳುವ ಹಾಗೆ.

ಅಪ್ಪನ ಕೈಗಳು ಇನ್ನೂ ಚಾಚಿಕೊಂಡೇ ಇದ್ದವು. ದೋಣಿ ದೂರವಾದ ಮೇಲೆ ಅವನ್ನು ನಿಧಾನಕ್ಕೆ ನೀರಿಗೆ ಇಳಿಸಿದ. ಆಮೇಲೆ ತಿರುಗಿ ದಡಕ್ಕೆ ಬಂದು, ಒದ್ದೆ ಬಟ್ಟೆಯಲ್ಲೇ ಚಾಪೆಯ ಮೇಲೆ ಅಮ್ಮನ ಪಕ್ಕದಲ್ಲಿ ಕುಳಿತು, ಒಂದು ಲೋಟ ಚಹಾ ಕೊಡು ಎಂದ.